ಒಂದೇ ಜಾಲನಕ್ಷೆ ಒಂದು ಜೋಡಣೆಯಲ್ಲಿ ಸ್ಪಷ್ಟವಾಗಿ, ಇನ್ನೊಂದರಲ್ಲಿ ಗೋಜಲಾಗಿ ಕಾಣುವುದೇಕೆ?

ಜಾಲನಕ್ಷೆಯೆಂದರೆ ವ್ಯಕ್ತಿ ಅಥವಾ ವಸ್ತುಗಳನ್ನು ಬಿಂದುಗಳಾಗಿಯೂ ಅವುಗಳ ನಡುವಿನ ಸಂಬಂಧಗಳನ್ನು ಗೆರೆಗಳಾಗಿಯೂ ತೋರುವ ಚಿತ್ರ. ಜಾಲದ ದತ್ತಾಂಶ ಹೇಳುವುದು ಯಾವ ಬಿಂದು ಯಾವುದಕ್ಕೆ ಕೂಡಿದೆ ಎಂಬುದನ್ನು ಮಾತ್ರ; ಬಿಂದುಗಳ ಸ್ಥಾನ ಚಿತ್ರಕಾರರ ಆಯ್ಕೆ. ಆದರೆ ಓದುವ ಕಣ್ಣು ಹತ್ತಿರವಿರುವುದನ್ನು ಸಂಬಂಧವೆಂದೂ ನಡುವಿನಲ್ಲಿರುವುದನ್ನು ಮುಖ್ಯವೆಂದೂ ತಾನಾಗಿಯೇ ಗ್ರಹಿಸುವುದರಿಂದ, ಆ ಆಯ್ಕೆಯೇ ಅರ್ಥವನ್ನು ತಿದ್ದಬಲ್ಲದು.

ಮಾನವಶಾಸ್ತ್ರಜ್ಞ ವೇಯ್ನ್ ಜಕಾರಿ 1977ರಲ್ಲಿ ಪ್ರಕಟಿಸಿದ ಕರಾಟೆ ಕ್ಲಬ್ಬಿನ ಜಾಲವನ್ನು ನೋಡಬಹುದು: 34 ಸದಸ್ಯರು, ಅವರ ನಡುವೆ 78 ಸಂಬಂಧಗಳು. ಸದಸ್ಯರನ್ನು ಸಂಖ್ಯೆಯ ಕ್ರಮದಲ್ಲಿ ವೃತ್ತದ ಅಂಚಿಗೆ ಜೋಡಿಸಿದರೆ, ಒಡೆದುಹೋದ ಕ್ಲಬ್ಬಿನ ಎರಡು ಬಣಗಳ ಮುಖ್ಯಸ್ಥರಾದ 1 ಮತ್ತು 34ನೆಯವರು, ಪರಸ್ಪರ ನೇರ ಸಂಬಂಧವೇ ಇಲ್ಲದಿದ್ದರೂ, ಅಕ್ಕಪಕ್ಕದಲ್ಲಿ ಬಂದು ಕೂರುತ್ತಾರೆ. ಗೆರೆಗಳನ್ನು ಸ್ಪ್ರಿಂಗುಗಳಂತೆ ಎಳೆಯಬಿಟ್ಟು, ಬಿಂದುಗಳು ಒಂದನ್ನೊಂದು ದೂರ ತಳ್ಳುವಂತೆ ಲೆಕ್ಕ ಹಾಕುವ ಬಲಾಧಾರಿತ ಜೋಡಣೆಯಲ್ಲಾದರೋ ಅವರಿಬ್ಬರೂ ಬೇರ್ಪಟ್ಟು, ಬಣಗಳು ಬಹುಮಟ್ಟಿಗೆ ಮೇಲ್ನೋಟಕ್ಕೇ ತೋರುತ್ತವೆ.

ಗೆರೆಗಳು ಪರಸ್ಪರ ದಾಟುವುದೇ ಓದಿಗೆ ದೊಡ್ಡ ತೊಡಕು. ಸಂಶೋಧಕಿ ಹೆಲೆನ್ ಪರ್ಚೇಸ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗೆರೆಯ ಬಾಗು ಅಥವಾ ಸಮಮಿತಿಗಿಂತ ಇದರ ಪರಿಣಾಮವೇ ಹೆಚ್ಚೆಂದು ಕಂಡುಬಂದಿತು. ಮೇಲಧಿಕಾರಿ-ಕೆಳಗಿನವರೆಂಬಂಥ ದಿಕ್ಕುಳ್ಳ ಸಂಬಂಧಗಳಿಗೆ ಹಂತಹಂತದ ಜೋಡಣೆ ಒಗ್ಗುತ್ತದೆ. ಬಲಾಧಾರಿತ ಚಿತ್ರದಲ್ಲಿ ಮೇಲು-ಕೆಳಗು, ಎಡ-ಬಲಗಳಿಗೆ ಅರ್ಥವಿಲ್ಲ. ಆರಂಭಿಕ ಸ್ಥಾನ ಬದಲಾದರೆ ಅದೇ ಜಾಲ ತಿರುಗಿಯೋ ಮಗುಚಿಯೋ ಬರಬಹುದು, ಇದನ್ನು ಚಿತ್ರದ ಕೆಳಗೆ ಬರೆಯುವವರು ಮಾತ್ರ ವಿರಳ. ಸಂಬಂಧಗಳು ತೀರ ದಟ್ಟವಾಗಿದ್ದರೆ ಯಾವ ಜೋಡಣೆಯೂ ನೆರವಾಗದು. ಆಗ ಎಲ್ಲರನ್ನೂ ಸಾಲಿನಲ್ಲೂ ಕಂಬದಲ್ಲೂ ಬರೆದು, ಸಂಬಂಧವಿರುವ ಮನೆಯಲ್ಲಿ ಗುರುತು ಹಾಕುವ ಕೋಷ್ಟಕವೇ ಲೇಸು.