ಸರಿಯಾದ ಬಣ್ಣ ಹೊಡೆದರೂ ನನ್ನ ಮಾಡೆಲ್ ರೈಲು ಆಟಿಕೆಯಂತೆ ಕಾಣುವುದೇಕೆ?

ಹೊಳಪು ಜಾಸ್ತಿ, ಕೊಳೆ ಕಡಿಮೆ, ಅದಕ್ಕೇ. ಎಚ್‌ಒ ಅಳತೆಯ ಮಾಡೆಲ್ ನಿಜವಾದ ರೈಲಿನ 87ನೇ ಒಂದು ಪಾಲು. ಅಂದರೆ ಒಂದು ಅಡಿಯಿಂದ ನೋಡಿದರೂ 87 ಅಡಿ ಆಚೆಗಿನ ರೈಲು ನೋಡಿದ ಹಾಗೆ, ಅಷ್ಟು ದೂರಕ್ಕೆ ಬಣ್ಣ ಸ್ವಲ್ಪ ಮಂಕಾಗಿಯೇ ಕಾಣುತ್ತದೆ, ಅಲ್ವಾ? ಬಣ್ಣಕ್ಕೆ ತುಸು ಬೂದು ಬೆರೆಸಿ, ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಹೊಡೆಯಿರಿ.

ಆಮೇಲೆ ಕಾರವಾರ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ನಿಂತಾಗ ಸುಮ್ನೆ ನೋಡಿ. ತುಕ್ಕು ಎಲ್ಲೆಂದರಲ್ಲಿ ಇರುವುದಿಲ್ಲ, ಮಳೆನೀರು ಇಳಿದ ದಾರಿಯಲ್ಲೇ ಗೆರೆಗೆರೆಯಾಗಿರುತ್ತದೆ. ಹಳಿಯ ಬದಿ ಕಂದು, ತಲೆ, ಅಂದರೆ ಮೇಲ್ಭಾಗ, ಮಾತ್ರ ಬೆಳ್ಳಗೆ, ಚಕ್ರ ಉಜ್ಜುತ್ತಲೇ ಇರುತ್ತದಲ್ಲ. ಕೆಂಪು ಧೂಳಿಗೆ ನಾನು ಚಿರೇಕಲ್ಲಿನ ಪುಡಿಯನ್ನೇ ತೆಳು ಬಟ್ಟೆಯಲ್ಲಿ ಸೋಸಿ ಒಣ ಬ್ರಷ್‌ನಲ್ಲಿ ಹಚ್ಚುತ್ತೇನೆ. ಹಳಿಯ ತಲೆ ಮೇಲೆ ಬಿದ್ದರೆ ಒರೆಸಿಬಿಡಿ, ಇಲ್ಲದಿದ್ದರೆ ಹಳಿಯಿಂದ ಬರುವ ಕರೆಂಟ್ ಸಿಗದೆ ಇಂಜಿನ್ ಅಲ್ಲೇ ನಿಂತುಬಿಡುತ್ತದೆ.