ಆಪರೇಷನ್ ಆಗಿ 7 ತಿಂಗಳು, ತೂಕ ನಿಂತಲ್ಲೇ ನಿಂತಿದೆ

ಪ್ರಶ್ನೆ: ನನಗೆ 38 ವರ್ಷ, ಎತ್ತರ 160 ಸೆಂಟಿಮೀಟರ್. 7 ತಿಂಗಳ ಹಿಂದೆ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಹೊಟ್ಟೆಯ ಚೀಲ ಚಿಕ್ಕದು ಮಾಡ್ತಾರಲ್ಲ, ಸ್ಲೀವ್ ಅಂತ, ಅದು. ಆಗ 112 ಕೆ.ಜಿ. ಇದ್ದೆ, ಈಗ 91. ಕಳೆದ 5 ವಾರಗಳಿಂದ ಒಂದು ಗ್ರಾಂ ಕೂಡ ಇಳಿದಿಲ್ಲ. ಅದೇ ವಾರ ಆಪರೇಷನ್ ಆದ ಪರಿಚಯದವರೊಬ್ಬರು 148 ಕೆ.ಜಿ. ಇದ್ದರು. ಅವರು ಆಗಲೇ 34 ಕೆ.ಜಿ. ಇಳಿಸಿದ್ದಾರೆ. ನಾನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ತೂಕ ನೋಡುತ್ತೇನೆ. ವಾಚು, ಉಂಗುರ, ಕೂದಲಿನ ಕ್ಲಿಪ್ಪು ಎಲ್ಲಾ ತೆಗೆದಿಟ್ಟು ಯಂತ್ರದ ಮೇಲೆ ನಿಲ್ಲುತ್ತೇನೆ. ಊಟ ಇನ್ನೂ ಕಮ್ಮಿ ಮಾಡಿದೆ. ಕೆಲವು ದಿನ ಬರೀ ನೀರಲ್ಲೇ ಕಳೆಯುತ್ತೇನೆ. ಏನೂ ಪ್ರಯೋಜನ ಇಲ್ಲ, ಕೂದಲು ಬೇರೆ ಉದುರುತ್ತಿದೆ. ನನ್ನ ಗಂಡ ಯಾವತ್ತೂ ಬೈದವರಲ್ಲ. ಮೊನ್ನೆ ಮಾತ್ರ ‘ಇಷ್ಟೆಲ್ಲಾ ಮಾಡಿಸಿಕೊಂಡು ಇಷ್ಟೇನಾ?’ ಅಂದುಬಿಟ್ಟರು. 6 ತಿಂಗಳ ಚೆಕಪ್‌ಗೂ ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ನನಗೊಬ್ಬಳಿಗೇ ಆಪರೇಷನ್ ಫೇಲ್ ಆಯ್ತಾ?
– ಹೆಸರು ಬೇಡ

ಪ್ರೀತಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತೂಕ ನಿಂತಿದ್ದು ನನಗೆ ಅಷ್ಟು ಚಿಂತೆ ಅನ್ನಿಸಲಿಲ್ಲ. ಚೆಕಪ್‌ಗೆ ಹೋಗಲಿಲ್ಲ ಅನ್ನುವ ಮಾತು ಓದಿ ನಿಜಕ್ಕೂ ಚಿಂತೆಯಾಯಿತು. ಬರೀ ನೀರು ಕುಡಿದು ದಿನ ದೂಡುತ್ತೀರಿ ಅನ್ನುವುದು ಇನ್ನೂ ಜಾಸ್ತಿ ಚಿಂತೆ. ಆ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಆ ಪರಿಚಯದವರ ಜೊತೆ ನೀವು ಹಾಕಿಕೊಂಡಿರುವ ಲೆಕ್ಕವನ್ನು ಸರಿ ಮಾಡೋಣ. ಅದು ನಿಮ್ಮನ್ನು ತುಂಬಾ ದಿನದಿಂದ ತಿನ್ನುತ್ತಿದೆ.

ಅವರು 34 ಕೆ.ಜಿ., ನೀವು 21. ಹೀಗೆ ನೋಡಿದರೆ ನೀವು ಎಲ್ಲೋ ಹಿಂದೆ ಬಿದ್ದ ಹಾಗೆ ಕಾಣುತ್ತದೆ. ಆದರೆ ಈ ಆಪರೇಷನ್ ಮಾಡುವ ಡಾಕ್ಟರುಗಳು ಬರೀ ಕೆ.ಜಿ. ಲೆಕ್ಕ ಹಿಡಿಯುವುದಿಲ್ಲ. ಶುರುವಿನ ತೂಕದಲ್ಲಿ ನೂರಕ್ಕೆ ಎಷ್ಟು ಹೋಯಿತು ಅಂತ ನೋಡುತ್ತಾರೆ. 148ರಲ್ಲಿ 34 ಅಂದರೆ ನೂರಕ್ಕೆ 23. 112ರಲ್ಲಿ 21 ಅಂದರೆ ನೂರಕ್ಕೆ ಹೆಚ್ಚು ಕಮ್ಮಿ 19. ನಿಮ್ಮ ನಿದ್ದೆ ಕೆಡಿಸಿದ್ದ 13 ಕೆ.ಜಿ.ಯ ಅಂತರ ಈಗ ನೂರಕ್ಕೆ ನಾಲ್ಕು ಅಷ್ಟೇ ಆಯಿತು ನೋಡಿ. ಶುರುವಿನ ತೂಕ ಜಾಸ್ತಿ ಇದ್ದವರಿಗೆ ಕೆ.ಜಿ.ಯಲ್ಲಿ ಸಾಮಾನ್ಯವಾಗಿ ಜಾಸ್ತಿ ಇಳಿಯುತ್ತದೆ. ವಯಸ್ಸು, ಗಂಡೋ ಹೆಣ್ಣೋ, ಮೈಯಲ್ಲಿ ಸ್ನಾಯು ಎಷ್ಟು, ಶುಗರ್ ಇದೆಯಾ, ಬೇರೆ ಯಾವ ಮಾತ್ರೆ ನಡೆಯುತ್ತಿದೆ, ಎಲ್ಲವೂ ಇದರಲ್ಲಿ ಕೈ ಹಾಕುತ್ತವೆ. ಒಂದೇ ವಾರ ಆಪರೇಷನ್ ಆಯಿತು ಅನ್ನುವುದೊಂದನ್ನು ಬಿಟ್ಟರೆ ನಿಮ್ಮಿಬ್ಬರ ದೇಹಕ್ಕೆ ಸಂಬಂಧವೇ ಇಲ್ಲ.

ಇನ್ನೊಂದು ಲೆಕ್ಕವೂ ಇದೆ. ಎತ್ತರಕ್ಕೆ ತೂಕ ಎಷ್ಟಿದೆ ಅಂತ ಹೇಳುವ ಅಳತೆ ಬಿ.ಎಂ.ಐ. ಅದರಲ್ಲಿ ಡಾಕ್ಟರುಗಳು ಗುರುತಾಗಿ ಇಟ್ಟುಕೊಳ್ಳುವುದು 25, ನಿಮ್ಮ ಎತ್ತರಕ್ಕೆ ಅದು 64 ಕೆ.ಜಿ. ಅದಕ್ಕಿಂತ ಮೇಲೆ ನಿಮ್ಮಲ್ಲಿ 48 ಕೆ.ಜಿ. ಇತ್ತು. ಅದರಲ್ಲಿ 21 ಹೋಗಿದೆ, ಅಂದರೆ ನೂರಕ್ಕೆ 44ರ ಹತ್ತಿರ. ಸ್ಲೀವ್ ಆದವರಲ್ಲಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚುವರಿ ತೂಕದ ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಹೋದರೆ ಆಪರೇಷನ್ ಚೆನ್ನಾಗಿ ಆಗಿದೆ ಅಂತಲೇ ಹೇಳುತ್ತಾರೆ. ನೀವು ಏಳನೇ ತಿಂಗಳಿಗೇ ಅದರ ಸಮೀಪ ಬಂದಿದ್ದೀರಿ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾಗಿ ಹತ್ತಾರು ವರ್ಷ ನಡೆದ ದೊಡ್ಡ ಅಧ್ಯಯನವೊಂದಿದೆ. ಆಪರೇಷನ್ ವಿಧಾನ ಆಗ ಬೇರೆ ಇತ್ತು. ಅದರಲ್ಲಿ ಆಪರೇಷನ್ ಆದವರ ತೂಕ ಎರಡು ವರ್ಷಕ್ಕೆ ಸರಾಸರಿ ನೂರಕ್ಕೆ 23ರಷ್ಟು ಇಳಿಯಿತು. ಅಷ್ಟು ಇಳಿದವರಲ್ಲೇ, ಆಪರೇಷನ್ ಮಾಡಿಸಿಕೊಳ್ಳದ ಅಂಥದ್ದೇ ತೂಕದ ಜನರಿಗೆ ಹೋಲಿಸಿದರೆ, ಮುಂದಿನ ವರ್ಷಗಳಲ್ಲಿ ಸಾವು ಕಡಿಮೆ ಕಂಡುಬಂತು. ನೀವು 7 ತಿಂಗಳಿಗೆ 19ರಲ್ಲಿದ್ದೀರಿ. ಇದನ್ನು ಫೇಲ್ ಅಂತ ನಾನು ಹೇಗೆ ಒಪ್ಪಲಿ?

ಹಾಗಾದರೆ 5 ವಾರದಿಂದ ಯಾಕೆ ನಿಂತಿದೆ? ದೇಹಕ್ಕೆ ತೂಕ ಇಳಿಸಿಕೊಳ್ಳುವುದು ಇಷ್ಟವಿಲ್ಲ, ಅದಕ್ಕೆ. 91 ಕೆ.ಜಿ. ಮೈಗೆ 112 ಕೆ.ಜಿ. ಮೈಯಷ್ಟು ಇಂಧನ ಬೇಡ. ಕೂತರೂ ಎದ್ದರೂ ಮೊದಲಿಗಿಂತ ಕಮ್ಮಿ ಖರ್ಚು. ಅದರ ಮೇಲೆ, ಊಟ ಸಿಗುತ್ತಿಲ್ಲ ಅಂತ ದೇಹಕ್ಕೆ ಅನ್ನಿಸಿದಾಗ ಅದು ಇನ್ನೂ ಕೈ ಬಿಗಿ ಹಿಡಿಯುತ್ತದೆ. ಆಪರೇಷನ್ ಆದ ಮೂರನೇ ವಾರದಲ್ಲೇ ಎಷ್ಟೋ ಜನರಿಗೆ ತೂಕ ನಿಂತುಬಿಡುತ್ತದೆ. ಆಮೇಲೆ ಮತ್ತೆ ಇಳಿಯುತ್ತದೆ, ಮತ್ತೆ ನಿಲ್ಲುತ್ತದೆ. ಮೆಟ್ಟಿಲು ಇಳಿದ ಹಾಗೆ. ಕೆಲವರಿಗೆ ಒಂದೊಂದು ಮೆಟ್ಟಿಲು ಸ್ವಲ್ಪ ಅಗಲವಾಗಿರುತ್ತದೆ, ಅಷ್ಟೇ.

ದಿನಕ್ಕೆ ಮೂರು ಸಲ ತೂಕ ನೋಡುತ್ತೀರಲ್ಲ, ನೀವು ಆಗ ನೋಡುತ್ತಿರುವುದು ಹೆಚ್ಚಾಗಿ ನೀರನ್ನು. ಒಂದು ಲೋಟ ನೀರು ಕುಡಿದು ಯಂತ್ರದ ಮೇಲೆ ನಿಂತರೆ ಕಾಲು ಕೆ.ಜಿ. ಜಾಸ್ತಿ ತೋರಿಸುತ್ತದೆ. ಉಂಗುರ, ಕ್ಲಿಪ್ಪು ತೆಗೆದಿಟ್ಟು ಉಳಿಸಿದ್ದು ಕೆಲವೇ ಗ್ರಾಂ. ಉಪ್ಪು ಸ್ವಲ್ಪ ಜಾಸ್ತಿಯಾದರೆ, ಮುಟ್ಟಿನ ದಿನಗಳು ಹತ್ತಿರ ಬಂದರೆ, ಹೊಟ್ಟೆ ಸರಿಯಾಗಿ ಹೋಗದಿದ್ದರೆ ಒಂದೆರಡು ಕೆ.ಜಿ. ಹಾಗೇ ಏರಿಳಿಯುತ್ತದೆ. ಆ ಸಂಖ್ಯೆ ನೋಡಿಕೊಂಡು ಇವತ್ತು ಊಟ ಮಾಡಲೋ ಬೇಡವೋ ಅಂತ ನೀವು ತೀರ್ಮಾನ ಮಾಡುತ್ತಿದ್ದೀರಿ. ದಯವಿಟ್ಟು ಆ ಯಂತ್ರವನ್ನು ಕೈಗೆ ಸುಲಭವಾಗಿ ಸಿಗದ ಕಡೆ ಇಡಿ. ವಾರಕ್ಕೆ ಒಂದೇ ದಿನ, ಒಂದೇ ಹೊತ್ತಿನಲ್ಲಿ ತೆಗೆದು ನೋಡಿದರೆ ಸಾಕು. ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ಟೇಪಿನಲ್ಲಿ ಅಳೆದು ಬರೆದಿಡಿ. ತೂಕ ನಿಂತ ತಿಂಗಳಲ್ಲೂ ಟೇಪು ಒಳಗೆ ಸರಿದಿರುವುದು ಎಷ್ಟೋ ಸಲ ಕಾಣುತ್ತದೆ.

ಈಗ ಉಪವಾಸದ ಮಾತು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸ್ಲೀವ್‌ನಲ್ಲಿ ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದಿರುತ್ತಾರೆ. ನೀವು ತಿನ್ನುವುದು ಮೊದಲೇ ಸ್ವಲ್ಪ. ಅದರಲ್ಲೂ ಕಡಿತ ಮಾಡಿದರೆ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸಿ ತಿನ್ನುತ್ತದೆ. ಸ್ನಾಯು ಹೋದಷ್ಟೂ ಕೂತಲ್ಲಿ ಖರ್ಚಾಗುವ ಶಕ್ತಿ ಕಮ್ಮಿ. ತೂಕ ಇಳಿಸಲು ಅಂತ ಮಾಡುವ ಉಪವಾಸ ತೂಕ ಇಳಿಯುವ ದಾರಿಗೇ ಅಡ್ಡ ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬಿ1 ವಿಟಮಿನ್ ಕೊರತೆಯದು. ದೇಹದಲ್ಲಿ ಆ ವಿಟಮಿನ್‌ನ ಸಂಗ್ರಹ ಕೆಲವೇ ವಾರಕ್ಕೆ ಸಾಲುವಷ್ಟು. ಊಟ ಬಿಟ್ಟರೆ, ಪದೇ ಪದೇ ವಾಂತಿಯಾದರೆ ಬೇಗ ಖಾಲಿಯಾಗುತ್ತದೆ. ಪಾದ ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು, ಕಣ್ಣಿಗೆ ಒಂದು ಎರಡಾಗಿ ಕಾಣುವುದು, ಮಾತು ಗೊಂದಲವಾಗುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದೆ ವಾಂತಿಯಾದರೆ, ಜೋರು ಹೊಟ್ಟೆನೋವು ಬಂದರೆ, ಆಗಲೂ ಕಾಯಬೇಡಿ.

ಕೂದಲಿನ ಬಗ್ಗೆ ಹೆದರಬೇಡಿ. ಇಂಥ ಆಪರೇಷನ್ ಆದ ಮೂರನೇ ತಿಂಗಳಿನಿಂದ ಕೂದಲು ಉದುರುವುದು ತುಂಬಾ ಜನರಲ್ಲಿ ಆಗುತ್ತದೆ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಆದರೆ ಪ್ರೊಟೀನ್, ಕಬ್ಬಿಣ, ಸತು ಕಮ್ಮಿಯಾದರೆ ಅದು ನಿಲ್ಲದೆ ಎಳೆದುಕೊಂಡು ಹೋಗುತ್ತದೆ. ನಿಮ್ಮ ಊಟದ ವಿಷಯ ಕೇಳಿದ ಮೇಲೆ ರಕ್ತಪರೀಕ್ಷೆ ಬೇಕೇ ಬೇಕು ಅಂತ ನನಗನ್ನಿಸುತ್ತದೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಿಮಗೆ ಎಷ್ಟು ಅಂತ ನಿಮ್ಮ ಆಸ್ಪತ್ರೆಯ ಡಯಟೀಷಿಯನ್ ಹೇಳಬೇಕು. ಚಿಕ್ಕ ಹೊಟ್ಟೆಗೆ ಅದು ಒಂದೇ ಸಲ ಹಿಡಿಯುವುದಿಲ್ಲ, ದಿನವಿಡೀ ಹಂಚಿಕೊಳ್ಳಬೇಕು. ತಟ್ಟೆಯಲ್ಲಿ ಪ್ರೊಟೀನ್ ಇರುವುದನ್ನು ಮೊದಲು ತಿನ್ನಿ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ನಡಿಗೆ ಒಳ್ಳೆಯದು, ಅದರ ಜೊತೆ ವಾರಕ್ಕೆ ಎರಡು ಮೂರು ದಿನ ಸ್ನಾಯುವಿಗೆ ಕೆಲಸ ಕೊಡುವ ವ್ಯಾಯಾಮವೂ ಇರಲಿ. ವಿಟಮಿನ್ ಮಾತ್ರೆಗಳು ಜೀವನಪೂರ್ತಿ. ಬಿಟ್ಟಿದ್ದರೆ ಅದನ್ನೂ ಡಾಕ್ಟರ್ ಹತ್ತಿರ ಒಪ್ಪಿಕೊಂಡುಬಿಡಿ.

ಚೆಕಪ್‌ಗೆ ಬರೋಣ. ಯಾವ ಮುಖ ಇಟ್ಟುಕೊಂಡು ಹೋಗಲಿ ಅಂದಿರಿ. ಚೆಕಪ್ ಇರುವುದೇ ನಿಮ್ಮಂಥವರಿಗೆ ಅಲ್ವಾ? ತೂಕ ಸರಸರ ಇಳಿಯುತ್ತಿರುವವರೂ ಅದನ್ನು ತಪ್ಪಿಸಿಕೊಳ್ಳಬಾರದು, ನೀವಂತೂ ತಪ್ಪಿಸಿಕೊಳ್ಳಲೇಬಾರದು. ನೀವು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಅವರು ಕೇಳುತ್ತಾರೆ. ಇನ್ಸುಲಿನ್, ಸ್ಟೀರಾಯ್ಡ್, ಮನಸ್ಸಿಗೆ ಕೊಡುವ ಕೆಲವು ಮಾತ್ರೆಗಳು ತೂಕ ಇಳಿಯಲು ಬಿಡುವುದಿಲ್ಲ. ಕೆಲವು ಸಲ ಮಾತ್ರೆ ಬದಲಿಸಿದರೆ ಸಾಕಾಗುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ. ಥೈರಾಯ್ಡ್ ನೋಡುತ್ತಾರೆ, ನಿದ್ದೆ ಹೇಗಿದೆ ಕೇಳುತ್ತಾರೆ. ಏನು ತಿನ್ನುತ್ತೀರಿ ಅಂತ ಕೇಳುವಾಗ ಪೂರ್ತಿ ನಿಜ ಹೇಳಿ. ಗಟ್ಟಿ ಊಟ ಸ್ವಲ್ಪಕ್ಕೇ ಸಾಕಾಗುತ್ತದೆ, ಆದರೆ ಸಿಹಿ ಪಾನೀಯ, ಐಸ್‌ಕ್ರೀಮ್, ಬಾಯಲ್ಲಿ ಕರಗುವ ಕುರುಕಲು ಚಿಕ್ಕ ಹೊಟ್ಟೆಯಲ್ಲೂ ಸಲೀಸಾಗಿ ಜಾರಿ ಹೋಗುತ್ತವೆ. ಒಂದು ದಿನ ಉಪವಾಸ ಇದ್ದವರು ಮಾರನೇ ದಿನ ಸಂಜೆ ಇಂಥದ್ದಕ್ಕೆ ಕೈ ಹಾಕುವುದು ಸಹಜ. ನಿಮಗೂ ಹಾಗಾಗಿದ್ದರೆ ಅದನ್ನು ಬಚ್ಚಿಡಬೇಡಿ. ಅದಕ್ಕೆ ಬೈಯುವ ಡಾಕ್ಟರ್ ಸಿಕ್ಕರೆ ಬೇರೆ ಡಾಕ್ಟರನ್ನು ನೋಡಿ, ನೋಡಿಸಿಕೊಳ್ಳುವುದನ್ನು ಮಾತ್ರ ಬಿಡಬೇಡಿ. ತೂಕ ನಿಜವಾಗಿಯೂ ತುಂಬಾ ದಿನ ನಿಂತರೆ ಕೊಡುವುದಕ್ಕೆ ಈಗ ಔಷಧಿಗಳಿವೆ, ಇಂಜೆಕ್ಷನ್‌ಗಳಿವೆ. ಅದು ಡಾಕ್ಟರ್ ಯೋಚಿಸಬೇಕಾದ ಮಾತು. ಯಾರೋ ಹೇಳಿದರು ಅಂತ ನೀವೇ ಶುರು ಮಾಡುವಂಥದ್ದಲ್ಲ.

ಇಲ್ಲಿ ಒಂದು ಕಷ್ಟದ ಮಾತನ್ನೂ ಹೇಳಬೇಕು. ನೀವು 64ಕ್ಕೆ ಬಂದು ನಿಲ್ಲದೇ ಇರಬಹುದು. ಆಪರೇಷನ್ ಮಾಡಿಸಿಕೊಂಡ ಹೆಚ್ಚಿನವರು ಆ ಅಂಕಿ ಮುಟ್ಟುವುದಿಲ್ಲ. 64 ಅನ್ನುವುದು ಲೆಕ್ಕ ಹಾಕಲು ಇಟ್ಟುಕೊಂಡ ಗುರುತು. ಇನ್ನೂ ಒಂದು ವರ್ಷದವರೆಗೆ ನಿಮ್ಮ ತೂಕ ನಿಧಾನವಾಗಿ ಇಳಿಯಬಹುದು, ಎಲ್ಲಿ ನಿಲ್ಲುತ್ತದೆ ಅಂತ ಯಾರೂ ಈಗಲೇ ಹೇಳಲಾರರು. ಕನಸಿನಲ್ಲಿ ಇಟ್ಟುಕೊಂಡ ಆ ಮೈ ಸಿಗದೇ ಹೋದರೆ ಸಂಕಟ ಆಗುತ್ತದೆ. ಆಗಲಿ, ಅಳು ಬಂದರೆ ಅತ್ತುಬಿಡಿ. ಈ ಆಪರೇಷನ್ ಆದ ಮೇಲೆ ಮನಸ್ಸು ಕುಗ್ಗುವುದು ಅಪರೂಪವೇನಲ್ಲ. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಚೆಕಪ್ ದಿನವೇ ಅದನ್ನೂ ಹೇಳಿ, ಆಪ್ತಸಮಾಲೋಚಕರನ್ನು ಕಾಣಿ. ಬದುಕುವುದೇ ಬೇಡ ಅನ್ನಿಸಿದರೆ ಒಂದು ದಿನವೂ ತಡ ಮಾಡದೆ ಹತ್ತಿರದವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ನಿಮ್ಮ ಗಂಡನ ಮಾತು. ಯಾವತ್ತೂ ಬೈಯದವರು ಅಂದಿರಿ, ಅದನ್ನು ನಂಬುತ್ತೇನೆ. ಅವರ ತಲೆಯಲ್ಲಿ ಇದು ಒಮ್ಮೆ ಮಾಡಿಸಿದರೆ ಮುಗಿದುಹೋಗುವ ಕೆಲಸ ಅಂತ ಇರಬೇಕು. ಅವರು ನೋಡುವುದು ಯಂತ್ರದ ಸಂಖ್ಯೆಯನ್ನು, ನಿಮ್ಮ ಮುಖದಲ್ಲಿ ಕಾಣುವ ಸೋಲನ್ನು. ಆದರೂ ಆ ಮಾತು ಚುಚ್ಚಿದೆ, ಅದನ್ನು ನುಂಗಿಕೊಂಡು ಕೂರಬೇಡಿ. ‘ಮೊನ್ನೆ ಇಷ್ಟೇನಾ ಅಂದ್ರಲ್ಲ, ಅವತ್ತಿನಿಂದ ನಾನು ಸರಿಯಾಗಿ ಊಟ ಮಾಡಿಲ್ಲ’ ಅಂತ ಹೇಳಿ. ಇಷ್ಟೇ ಸಾಕು. ಆಮೇಲೆ ಚೆಕಪ್‌ಗೆ ಜೊತೆಯಲ್ಲಿ ಬನ್ನಿ ಅಂತ ಕರೆಯಿರಿ. ನಾನು ಮೇಲೆ ಹಾಕಿದ ಲೆಕ್ಕವನ್ನು ಡಾಕ್ಟರ್ ಬಾಯಲ್ಲಿ ಕೇಳಿದರೆ ಅವರ ಮನಸ್ಸಿಗೂ ಸಮಾಧಾನ ಆಗುತ್ತದೆ.

ನಾಳೆ ಬೆಳಿಗ್ಗೆ ಯಂತ್ರದ ಮೇಲೆ ನಿಲ್ಲುವ ಹೊತ್ತಿನಲ್ಲಿ ಏನಾದರೂ ತಿನ್ನಿ. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ, ‘ನನ್ನ 6 ತಿಂಗಳ ಚೆಕಪ್ ತಪ್ಪಿಹೋಗಿದೆ, ಬೇಗ ಒಂದು ದಿನ ಕೊಡಿ’ ಅನ್ನಿ. ಯಾಕೆ ತಪ್ಪಿಹೋಯಿತು ಅಂತ ಫೋನಿನಲ್ಲಿ ಹೇಳಬೇಕಾಗಿಲ್ಲ. ಹೋಗಿ ಬಂದ ಮೇಲೆ ನನಗೊಂದು ಸಾಲು ಬರೆಯಿರಿ. ತೂಕ ಎಷ್ಟು ಅಂತ ಬರೆಯದಿದ್ದರೂ ಪರವಾಗಿಲ್ಲ. ಊಟ ಮಾಡುತ್ತಿದ್ದೀರಾ ಅಂತ ಮಾತ್ರ ತಿಳಿಸಿ.