ಮುದಿ ಗ್ಯಾಲಕ್ಸಿಯಲ್ಲಿ ಚಿನ್ನ ಹುಟ್ಟಿದ್ದು ಹೇಗೆ?

ಪ್ರಶ್ನೆ: ಎನ್‌ಜಿಸಿ 4993 ಅನ್ನೋ ಗ್ಯಾಲಕ್ಸಿಲಿ ಎರಡು ನಕ್ಷತ್ರ ಡಿಕ್ಕಿ ಹೊಡೆದು ಚಿನ್ನ ಹುಟ್ತು ಅಂತ ಓದಿದೆ. ಅಲ್ಲಿ ಹೊಸ ನಕ್ಷತ್ರ ಹುಟ್ಟೋದೇ ನಿಂತಿದೆ ಅಂತಾನೂ ಇತ್ತು. ಇದು ಹೇಗೆ ಸಾರ್? ನಮ್ಮ ಒಡವೆ ಚಿನ್ನ ಅಲ್ಲಿಂದ ಬಂದಿದ್ದಾ? ಟೆಲಿಸ್ಕೋಪಲ್ಲಿ ಕಾಣುತ್ತಾ?
– ಓದುಗರು, ಶಿರಸಿ

ಉತ್ತರ: ಎರಡೂ ನಿಜ ಕಣ್ರೀ, ಮಜಾ ಇರೋದೇ ಅಲ್ಲಿ. ಇದು ದಕ್ಷಿಣದ ಆಕಾಶದ ಹೈಡ್ರಾ ನಕ್ಷತ್ರಪುಂಜದಲ್ಲಿ, ನಮ್ಮಿಂದ ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರೋ ಲೆಂಟಿಕ್ಯುಲರ್ ಗ್ಯಾಲಕ್ಸಿ, ಅಂದ್ರೆ ನಡುವೆ ಉಬ್ಬು, ಸುತ್ತ ತಟ್ಟೆ ಇದೆ, ಆದ್ರೆ ನಮ್ಮ ಆಕಾಶಗಂಗೆಗಿರೋ ಥರ ಸುರುಳಿ ತೋಳಿಲ್ಲ, ನಕ್ಷತ್ರ ಹುಟ್ಟೋಕೆ ಬೇಕಾದ ಗ್ಯಾಸ್ ಹೆಚ್ಚುಕಮ್ಮಿ ಖಾಲಿ, ಇರೋವೆಲ್ಲ ಬಹುಪಾಲು ವಯಸ್ಸಾದ ನಕ್ಷತ್ರಗಳೇ. 1789ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಮೇಲೆ 2017ರ ತನಕ ಇದನ್ನ ಹೆಚ್ಚಿಗೆ ಯಾರೂ ಕ್ಯಾರೇ ಅಂದಿರ್ಲಿಲ್ಲ.

ಡಿಕ್ಕಿ ಹೊಡೆದವು ಹೊಸ ನಕ್ಷತ್ರಗಳಲ್ಲ, ನ್ಯೂಟ್ರಾನ್ ನಕ್ಷತ್ರಗಳು, ಅಂದ್ರೆ ಯಾವತ್ತೋ ಸತ್ತ ದೊಡ್ಡ ನಕ್ಷತ್ರಗಳ ಅಸ್ಥಿ ಇದ್ದ ಹಾಗೆ. ಅಂಥ ಎರಡು ಒಂದರ ಸುತ್ತ ಒಂದು ಸುತ್ತುತ್ತಾ ಗುರುತ್ವ ಅಲೆಗಳ (ಜಾಗವನ್ನೇ ಅಲುಗಾಡಿಸೋ ಅಲೆಗಳು) ರೂಪದಲ್ಲಿ ಶಕ್ತಿ ಕಳ್ಕೊಂಡು ಚೂರು ಚೂರೇ ಹತ್ತಿರ ಬರ್ತವೆ, ಇದಕ್ಕೆ ನೂರಾರು ಕೋಟಿ ವರ್ಷಾನೂ ಹಿಡೀಬಹುದು, ಅಷ್ಟೊತ್ತಿಗೆ ಆ ಗ್ಯಾಲಕ್ಸಿಲಿ ಹುಟ್ಟೋದೆಲ್ಲ ನಿಂತೇ ಹೋಗಿರುತ್ತೆ. ಆ ಅಲೆಗಳು 2017ರ ಆಗಸ್ಟ್ 17ಕ್ಕೆ ಇವನ್ನ ಹಿಡಿಯೋಕಂತಾನೇ ಇರೋ ಲೈಗೋ, ವರ್ಗೋ ಅನ್ನೋ ಉಪಕರಣಗಳಿಗೆ ಸಿಕ್ಕಿದ್ವು, 1.7 ಸೆಕೆಂಡ್ ಬಿಟ್ಟು ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣ, ಸುಮಾರು 11 ಗಂಟೆ ಆದ್ಮೇಲೆ ಚಿಲಿಯ ಸ್ವೋಪ್ ಟೆಲಿಸ್ಕೋಪಿಗೆ ಇದೇ ಗ್ಯಾಲಕ್ಸಿಲಿ ಒಂದು ಹೊಸ ಬೆಳಕು. ಆಗ ಆಕಾಶದಲ್ಲಿ ಹೈಡ್ರಾ ಸೂರ್ಯನ ಹತ್ತಿರಾನೇ ಕಾಣ್ತಿತ್ತು, ಕತ್ತಲಾಗಿ ಸ್ವಲ್ಪ ಹೊತ್ತಿಗೇ ಮುಳುಗೋದು, ಅದೃಷ್ಟ ಅನ್ನಿ. ಮೊದ್ಲು ನೀಲಿಯಾಗಿದ್ದ ಬೆಳಕು ಕೆಲವೇ ದಿನದಲ್ಲಿ ಕೆಂಪಾಯ್ತು, ಭಾರದ ಮೂಲವಸ್ತುಗಳು ಅಲ್ಲಿ ತಯಾರಾಗಿವೆ ಅಂತ ಗೊತ್ತಾಗಿದ್ದು ಅದ್ರಿಂದ. ಅಂಥದ್ದೇ ಒಂದು ಮೂಲವಸ್ತು ಸ್ಟ್ರಾನ್ಷಿಯಂ, ಅದರ ಗುರುತು ಆ ಬೆಳಕಲ್ಲಿ 2019ರಲ್ಲಿ ಸಿಕ್ತು. ಚಿನ್ನದ ಗುರುತನ್ನ ಮಾತ್ರ ಯಾರೂ ನೇರವಾಗಿ ನೋಡಿಲ್ಲ, ಅದು ಲೆಕ್ಕ ಹಾಕಿ ಹೇಳಿದ್ದು, ಪೇಪರ್‌ನೋರು ಹೆಡ್‌ಲೈನಿಗೆ ಅದನ್ನೇ ಹಿಡ್ಕೊಂಡ್ರು.

ನಿಮ್ಮ ಒಡವೆ ಚಿನ್ನ ಅಲ್ಲಿಂದ ಬಂದಿಲ್ಲ. ಸುಮಾರು 460 ಕೋಟಿ ವರ್ಷದ ಹಿಂದೆ ಸೌರಮಂಡಲ ಹುಟ್ಟೋಕೆ ಮೊದ್ಲೇ ಅದು ಧೂಳಲ್ಲಿ ಸೇರ್ಕೊಂಡಿತ್ತು, ಇಂಥದ್ದೇ ಡಿಕ್ಕಿಯಿಂದಲೋ ಬೇರೆ ಥರದ ಸ್ಫೋಟದಿಂದಲೋ, ನಮ್ಮ ಆಕಾಶಗಂಗೆ ಒಳಗೇ.

ಇನ್ನು ನೋಡೋದು. ಏಪ್ರಿಲ್-ಮೇ ರಾತ್ರಿ ಹೈಡ್ರಾ ನಮಗೆ ಚೆನ್ನಾಗೇ ಮೇಲೆ ಬರುತ್ತೆ, ಆದ್ರೆ ಈ ಗ್ಯಾಲಕ್ಸಿ ಬರಿಗಣ್ಣಿಗೆ ಸಿಗಲ್ಲ, ದೊಡ್ಡ ಟೆಲಿಸ್ಕೋಪ್ ಇದ್ರೂ ಒಂದು ಮಸುಕು ಚುಕ್ಕೆ ಅಷ್ಟೇ, ಚಿನ್ನದ ಬಣ್ಣ ಹುಡುಕೋಕೆ ಹೋಗ್ಬೇಡಿ.